ತರಗೆಲೆಯ ಹೊಗೆ ನಿಲ್ಲಿಸಿದ ಬಗೆ

ನಮ್ಮ ವಿಶ್ವವಿದ್ಯಾಲಯದ ಹಸಿರು ಸಮಿತಿಯ ಸಂಚಾಲಕಿಯಾಗಿ ನಾನು ಹೊಣೆ ವಹಿಸಿಕೊಂಡಾಗ ಕೈಗೆ ಬಂದ ಕಡತದಲ್ಲಿ ಇದ್ದದ್ದು ಜೂನ್ 5ರಂದು ಸಸಿ ನೆಟ್ಟ ಫೋಟೊಗಳು ಮಾತ್ರ. ಅದೇ ಆವರಣದಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪ್ರತಿ ಬೆಳಿಗ್ಗೆ ಹೊಂಗೆ, ಮಳೆಮರಗಳ ತರಗೆಲೆಯನ್ನು ರಸ್ತೆಯಂಚಿಗೆ ಗುಡಿಸಿ ಬೆಂಕಿ ಹಚ್ಚಲಾಗುತ್ತಿತ್ತು. ಮೊದಲ ತರಗತಿಗೆ ಬರುವ ವಿದ್ಯಾರ್ಥಿಗಳು ಮೂಗಿಗೆ ಕರವಸ್ತ್ರ ಹಿಡಿದೇ ನಡೆಯುತ್ತಿದ್ದರು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿದ್ದವು. ಆ ನಿಯಮಗಳನ್ನು ಉಲ್ಲೇಖಿಸಿ ನಾವು ಸುತ್ತೋಲೆ ಹೊರಡಿಸಿದೆವು. ಸುಡುವುದು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ನಾನೇ ಹೋಗಿ ಗುಡಿಸುತ್ತಿದ್ದವರನ್ನು ಕೇಳಿದಾಗ, ಅವರಲ್ಲಿ ಹಿರಿಯರೊಬ್ಬರು ಪೊರಕೆ ಕೆಳಗಿಟ್ಟು, "ಸುಡಬೇಡಿ ಅಂತೀರಿ, ಸರಿ ಮೇಡಂ. ಇಷ್ಟೊಂದು ಎಲೆ ಹೊತ್ತುಕೊಂಡು ಹೋಗಿ ಹಾಕೋಕೆ ಜಾಗ ಎಲ್ಲಿದೆ, ನೀವೇ ತೋರಿಸಿ" ಎಂದರು. ಸಮಿತಿಯ ಅಷ್ಟೂ ಸಭೆಗಳಲ್ಲಿ ನಮಗೆ ಹೊಳೆಯದಿದ್ದ ಪ್ರಶ್ನೆ ಅದು. ಜಾಗವನ್ನೂ ತಳ್ಳುಗಾಡಿಯನ್ನೂ ಕೊಡದೆ ಬರಿಯ ಆದೇಶ ಕೊಟ್ಟದ್ದು ನಮ್ಮ ತಪ್ಪೆಂದು ಈಗಲೂ ನಂಬಿದ್ದೇನೆ.

ಹಾಸ್ಟೆಲ್ ಅಡುಗೆಮನೆಯ ಹಿಂದೆ, ನೆರಳಿರುವ ಕಡೆ, ಗೋಡೆಯಲ್ಲಿ ಗಾಳಿಯಾಡಲು ಕಂಡಿ ಬಿಟ್ಟ ನಾಲ್ಕು ಇಟ್ಟಿಗೆ ತೊಟ್ಟಿಗಳನ್ನು ಎಲೆಯಿಂದ ಗೊಬ್ಬರ ಮಾಡಲೆಂದು ಕಟ್ಟಿಸಿದೆವು. ಮೆಸ್ಸಿನಲ್ಲಿ ಉಳಿಯುವ ಅನ್ನ, ತರಕಾರಿ ಸಿಪ್ಪೆಗಳನ್ನು ಎಲೆಯ ಜೊತೆ ಸೇರಿಸಿದರೆ ಎರಡು ಸಮಸ್ಯೆಗಳೂ ಒಂದೇ ಕಡೆ ತೀರುತ್ತವೆ ಎಂಬುದು ಲೆಕ್ಕಾಚಾರವಾಗಿತ್ತು. ಮೊದಲ ತೊಟ್ಟಿ ಕೆಟ್ಟಿತು. ಸಾಂಬಾರಿನ ನೀರನ್ನು ಬಸಿಯದೆ ಸುರಿದಿದ್ದರಿಂದ ಎರಡೇ ವಾರದಲ್ಲಿ ಹುಳು ಬಿದ್ದು, ದುರ್ವಾಸನೆ ಹಾಸ್ಟೆಲಿನ ಕೋಣೆಗಳವರೆಗೆ ಹಬ್ಬಿ, ವಿದ್ಯಾರ್ಥಿನಿಯರು ವಾರ್ಡನ್‌ಗೆ ದೂರು ಕೊಟ್ಟರು. ಅನ್ನ, ತರಕಾರಿಗಳಲ್ಲಿ ಸಾರಜನಕದ ಪಾಲು ಹೆಚ್ಚು, ಒಣ ಎಲೆಯಲ್ಲಿ ಇಂಗಾಲದ ಪಾಲು ಹೆಚ್ಚು. ಇಂಗಾಲವು ಸಾರಜನಕದ 25ರಿಂದ 30 ಪಟ್ಟು ಇದ್ದಾಗ ಸೂಕ್ಷ್ಮಾಣುಗಳ ಕೆಲಸ ಚುರುಕಾಗುತ್ತದೆ ಎಂದು ತರಗತಿಯಲ್ಲಿ ಪಾಠ ಹೇಳುವವಳು ನಾನು. ತೊಟ್ಟಿಯ ಬಳಿ ಆ ಅನುಪಾತವನ್ನು ಬುಟ್ಟಿಯ ಲೆಕ್ಕಕ್ಕೆ ಇಳಿಸಬೇಕಾಯಿತು: ನೀರು ಬಸಿದ ಅಡುಗೆ ತ್ಯಾಜ್ಯ ಒಂದು ಬುಟ್ಟಿಗೆ ಒಣ ಎಲೆ ಮೂರು ಬುಟ್ಟಿ, ಮೇಲೊಂದು ಹಿಡಿ ಹಳೆಯ ಗೊಬ್ಬರ.

ತೇವವನ್ನು ನೋಡಲು ಯಾವ ಉಪಕರಣವೂ ಬೇಕಿಲ್ಲ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಜಿನುಗಿದರೆ ಸರಿ. ಧಾರೆಯಾಗಿ ಇಳಿದರೆ ಎಲೆ ಸಾಲದು, ಪುಡಿಯಾಗಿ ಉದುರಿದರೆ ನೀರು ಸಾಲದು. ನಾಲ್ಕನೆಯ ದಿನ ರಾಶಿಯ ಒಡಲಿಗೆ ಕಬ್ಬಿಣದ ಸರಳು ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿದಾಗ ಕೈ ಹಿಂದಕ್ಕೆ ಬಂದಿತು. 60 ಡಿಗ್ರಿಯ ಆಸುಪಾಸಿನ ಆ ಕಾವಿನಲ್ಲಿ ಕಳೆಬೀಜ, ರೋಗಾಣುಗಳು ಬಹುಮಟ್ಟಿಗೆ ಸಾಯುತ್ತವೆ. ಕಾವು ಇಳಿದಾಗಲೆಲ್ಲ ರಾಶಿಯನ್ನು ತಿರುವಿ ಹಾಕಬೇಕು, ಇದಕ್ಕೆ ಸೋಮಾರಿತನ ಸಲ್ಲದು. ಮಳೆಮರದ ಪುಟ್ಟ ಎಲೆಗಳು ಬೇಗ ಕಳಿತವು. ಅಕೇಶಿಯಾದ ಎಲೆ ಮಾತ್ರ ತಿಂಗಳುಗಟ್ಟಲೆ ಚರ್ಮದ ಹಾಗೆಯೇ ಉಳಿದದ್ದರಿಂದ ಅದನ್ನು ಪ್ರತ್ಯೇಕಿಸಿ ಸಸಿಗಳ ಬುಡಕ್ಕೆ ಹೊದಿಕೆಯಾಗಿ ಹಾಸುತ್ತಿದ್ದೇವೆ.

ಸಮಿತಿಯ ಇತರ ಕೆಲಸಗಳಾದ ಮಳೆನೀರು ಕೊಯ್ಲು, ವಿದ್ಯುತ್ ಉಳಿತಾಯಗಳಿಗೆ ಇಷ್ಟು ಕಷ್ಟಪಡಬೇಕಾಗಲಿಲ್ಲ. ಸಾವಿರ ಚದರ ಮೀಟರ್ ಛಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರು ಎಂದೋ, 75 ವಾಟ್‌ನ ಹಳೆಯ ಫ್ಯಾನ್ ಮಾಡುವ ಕೆಲಸವನ್ನು ಬಿಎಲ್‌ಡಿಸಿ ಫ್ಯಾನ್ (ಬ್ರಷ್ ಇಲ್ಲದ ಮೋಟಾರಿನ ಹೊಸ ಬಗೆಯ ಫ್ಯಾನ್) ಸುಮಾರು 30 ವಾಟ್‌ನಲ್ಲಿ ಮಾಡುತ್ತದೆ ಎಂದೋ ಹೇಳಿದರೆ ಹಣಕಾಸು ಅಧಿಕಾರಿಗೆ ತಕ್ಷಣ ಅರ್ಥವಾಗುತ್ತದೆ. ತರಗೆಲೆಗೆ ಬಿಲ್ ಬರುವುದಿಲ್ಲ. ಅದಕ್ಕಾಗಿಯೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಎದುರಿಗಿರುವ ತೊಡಕು ಬೇರೆ. ಸ್ವಚ್ಛತಾ ಸಿಬ್ಬಂದಿ ಗುತ್ತಿಗೆಯವರು. ಗುತ್ತಿಗೆ ಬದಲಾದಾಗ ಮುಷ್ಟಿ ಹಿಂಡಿ ತೇವ ನೋಡಲು ಕಲಿತ ಕೈಗಳೂ ಬದಲಾಗುತ್ತವೆ. ತಿರುವಿ ಹಾಕುವ ಕೆಲಸವನ್ನು ಗುಡಿಸುವ ಕೆಲಸದ ಮೇಲಿನ ಹೆಚ್ಚುವರಿ ಹೊರೆಯಾಗಿಸದೆ, ಅದಕ್ಕೆ ಪ್ರತ್ಯೇಕ ವೇಳೆ, ಕೂಲಿ, ಕೈಗವಸು, ಗಂಬೂಟುಗಳನ್ನು ಟೆಂಡರಿನ ಷರತ್ತುಗಳಲ್ಲಿಯೇ ಬರೆಯಬೇಕೆಂದು ಕೇಳಿಕೊಂಡಿದ್ದೇನೆ; ಅನುಭವವಿರುವ ಇಬ್ಬರನ್ನಾದರೂ ಮುಂದುವರಿಸಬೇಕೆಂಬ ಸಾಲನ್ನೂ ಕರಡಿನಲ್ಲಿ ಸೇರಿಸಿದ್ದೇನೆ.