ಅಜ್ಜನ ಟ್ರಂಕಿನಲ್ಲಿರುವ ಮಿಲಿಟರಿ ಬ್ಯಾಡ್ಜ್ ಓದುವುದು ಹೇಗೆ?

ಅಜ್ಜನೋ ದೊಡ್ಡಪ್ಪನೋ ಮಿಲಿಟರಿಯಲ್ಲಿದ್ದರು. ಟೋಪಿಯ ಬ್ಯಾಡ್ಜ್ ಟ್ರಂಕಿನಲ್ಲಿ ಹಾಗೇ ಇದೆ. ಯಾವ ರೆಜಿಮೆಂಟ್ ಅಂತ ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನೋಡುವ ಕ್ರಮ ಗೊತ್ತಿದ್ದರೆ ಬ್ಯಾಡ್ಜೇ ಅದನ್ನು ಹೇಳುತ್ತದೆ.

ಮೊದಲನೆಯದು, ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಮಲೆನಾಡಿನ ಮಳೆಗಾಲದ ಥಂಡಿಗೆ ಹಿತ್ತಾಳೆಗೆ ಕಿಲುಬು ಹಿಡಿದಿರುತ್ತದೆ ನಿಜ. ಆದರೆ ಜಾಸ್ತಿ ಉಜ್ಜಿದರೆ ಸಣ್ಣ ಅಕ್ಷರಗಳು ಸವೆಯುತ್ತವೆ. ಒಣ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು.

ಆಮೇಲೆ, ಅದು ಲೋಹದ್ದೋ ಬಟ್ಟೆಯದ್ದೋ ನೋಡಿ. ಟೋಪಿಯ ಲೋಹದ ಬ್ಯಾಡ್ಜ್ ರೆಜಿಮೆಂಟಿನದು. ತೋಳಿಗೆ ಹೊಲಿಯುವ ಬಟ್ಟೆಯ ಗುರುತು ಸಾಮಾನ್ಯವಾಗಿ ಡಿವಿಷನ್ (ಹಲವು ರೆಜಿಮೆಂಟುಗಳ ತುಕಡಿಗಳು ಸೇರಿದ ಪಡೆ) ಅಥವಾ ಅದಕ್ಕಿಂತ ದೊಡ್ಡ ಪಡೆಯದು. 4ನೇ ಡಿವಿಷನ್ನಿನ ಕೆಂಪು ಹದ್ದು ಅಂಥದ್ದು.

ಈಗ ನಡುವಿನ ಚಿತ್ರ. ಇಲ್ಲಿ ನಿಧಾನವಾಗಿ ನೋಡಿ. ಸುಮ್ನೆ ಅಂದಕ್ಕೆ ಅಂತ ಯಾವ ಚಿತ್ರವನ್ನೂ ಇಟ್ಟಿರುವುದಿಲ್ಲ. ಆನೆ ಇದ್ದರೆ ಮದ್ರಾಸ್ ರೆಜಿಮೆಂಟ್ ಇರಬಹುದು. ಅದು ದಕ್ಷಿಣದ ಕಾಡಾನೆ ಅಂದುಕೊಳ್ಳುವವರೇ ಜಾಸ್ತಿ. ನಿಜಕ್ಕೂ ಅದು 1803ರ ಸೆಪ್ಟೆಂಬರ್ 23ರಂದು ಈಗಿನ ಮಹಾರಾಷ್ಟ್ರದ ಅಸ್ಸಾಯೆಯಲ್ಲಿ ಬ್ರಿಟಿಷರಿಗೂ ಮರಾಠರಿಗೂ ನಡೆದ ಯುದ್ಧದ ನೆನಪು. ಅಲ್ಲಿ ಬ್ರಿಟಿಷರ ಕಡೆಯಿಂದ ಹೋರಾಡಿದ ಮದ್ರಾಸ್ ಪಡೆಗಳಿಗೆ ಆ ಆನೆ ಗೌರವವಾಗಿ ಸಿಕ್ಕಿತು. ಕಹಳೆ ಇದ್ದರೆ ಲೈಟ್ ಇನ್‌ಫೆಂಟ್ರಿ (ಹಗುರ ಕಾಲಾಳು ಪಡೆ) ಅಥವಾ ರೈಫಲ್ಸ್ ರೆಜಿಮೆಂಟ್ ಇರಬಹುದು. ಚದುರಿ ಹೋರಾಡುವ ಇಂಥ ಪಡೆಗಳಿಗೆ ಕಹಳೆ ಊದಿಯೇ ಆಜ್ಞೆ ಕೊಡುತ್ತಿದ್ದರು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಗುರುತಿನಲ್ಲೂ ಕಹಳೆ ಇದೆ.

ಗಂಡಭೇರುಂಡ ಕಂಡರೆ? ನಮ್ಮ ಶಿವಮೊಗ್ಗ ಜಿಲ್ಲೆಯವರಿಗೆ ಇದರ ಪರಿಚಯ ಹೇಳಬೇಕಿಲ್ಲ ಅಲ್ವಾ. ಬಳ್ಳಿಗಾವಿಯಲ್ಲಿ 1047ರ ಗಂಡಭೇರುಂಡ ಸ್ತಂಭವಿದೆ, ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಕೆಳದಿಯ ರಾಮೇಶ್ವರ ದೇವಸ್ಥಾನದ ಛಾವಣಿಯಲ್ಲೂ ಗಂಡಭೇರುಂಡವಿದೆ. ಮೈಸೂರು ಅರಸರ ಲಾಂಛನವೂ ಇದೇ. ಹಾಗಾಗಿ ಮೊದಲ ಅನುಮಾನ ಮೈಸೂರು ಸಂಸ್ಥಾನದ ಪಡೆಯ ಮೇಲೆ. ಆ ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1918ರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಕುದುರೆ ಏರಿ ಹೋರಾಡಿತು. ಅದೂ ಅಸ್ಸಾಯೆಯ ಹಾಗೆ ಸೆಪ್ಟೆಂಬರ್ 23ರಂದೇ! ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಕುದುರೆ ಪಡೆಗಳನ್ನು ಕೂಡಿಸಿ 61ನೇ ಕ್ಯಾವಲ್ರಿ ಕಟ್ಟಿದರು. ಅದರ ಬ್ಯಾಡ್ಜಿನಲ್ಲೂ ಎರಡು ತಲೆಯ ಹಕ್ಕಿ ಉಳಿಯಿತು. ಬಳ್ಳಿಗಾವಿಯ ಕಲ್ಲಿನ ಮೇಲಿದ್ದ ಹಕ್ಕಿ ಇಂದಿನ ಸವಾರನ ಟೋಪಿಯಲ್ಲೂ ಇದೆ ಅನ್ನುವುದು ನನಗಂತೂ ಹೆಮ್ಮೆಯ ವಿಷಯ.

ಕಾಲ ತಿಳಿಯಲು ಮೇಲ್ತುದಿ ನೋಡಿ. ಇಂಗ್ಲೆಂಡಿನ ರಾಜಕಿರೀಟ ಇದ್ದರೆ ಬ್ರಿಟಿಷರ ಕಾಲದ ವಿನ್ಯಾಸ. 1950ರಲ್ಲಿ ಗಣರಾಜ್ಯವಾದ ಮೇಲೆ ಆ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದವು.

ಕೆಳಗಿನ ಪಟ್ಟಿಯಲ್ಲಿ ರೆಜಿಮೆಂಟಿನ ಹೆಸರೋ ಧ್ಯೇಯವಾಕ್ಯವೋ ಇರುತ್ತದೆ. ಸವೆದಿದ್ದರೆ ಟಾರ್ಚಿನ ಬೆಳಕನ್ನು ಪಕ್ಕದಿಂದ ಬಿಡಿ, ಅಕ್ಷರಗಳು ಎದ್ದು ಕಾಣುತ್ತವೆ.

ಹೆಸರು ಸಿಕ್ಕಿತೇ? ಅದೇ ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್ (ಸೇವೆ ಮುಗಿದಾಗ ಸೇನೆ ಕೊಡುವ ದಾಖಲೆ ಪುಸ್ತಕ) ಇದ್ದರೆ ತಾಳೆ ನೋಡಿ. ಬ್ಯಾಡ್ಜ್ ಯಾರದು, ಯಾವ ಪಡೆಯದು ಅಂತ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.