ಕೆಂಪು ಬಾಲದ ಕ್ಯಾಟ್‌ಫಿಶ್ ತರುವ ಮೊದಲು ಮನೆ ಅಳೆಯಿರಿ

ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಿನ ಮೀನಿನ ಅಂಗಡಿಗಳಿಗೆ ಹೋದವರ ಕಣ್ಣು ಒಂದು ಮರಿಯ ಮೇಲೆ ನಿಂತೇ ನಿಲ್ಲುತ್ತದೆ. ಮೂರಿಂಚು ಉದ್ದ, ಕಪ್ಪು ಬೆನ್ನು, ಪಕ್ಕದಲ್ಲಿ ಬಿಳಿ ಪಟ್ಟೆ, ಕೆಂಪು ಬಾಲ, ಉದ್ದನೆಯ ಮೀಸೆ. ಅಂಗಡಿಯವರು ಇದನ್ನು ಆರ್‌ಟಿಸಿ ಅನ್ನುತ್ತಾರೆ, ಅಂದರೆ ರೆಡ್ ಟೇಲ್ ಕ್ಯಾಟ್‌ಫಿಶ್. ಅಮೆಜಾನ್, ಒರಿನೊಕೊ ನದಿಗಳ ಮೀನು. ಆ ನದಿಗಳಲ್ಲಿ ಇದು ನಾಲ್ಕು ಅಡಿವರೆಗೆ ಬೆಳೆಯುತ್ತದೆ, ತೂಕ 40 ಕೆ.ಜಿ. ದಾಟುತ್ತದೆ. ಚೆನ್ನಾಗಿ ಸಾಕಿದರೆ 15 ವರ್ಷಕ್ಕಿಂತ ಜಾಸ್ತಿ ಬದುಕುತ್ತದೆ. ಹೊಟ್ಟೆ ತುಂಬ ಹಾಕಿದರೆ ಮೊದಲ ವರ್ಷದಲ್ಲೇ ಒಂದೂವರೆ ಅಡಿ ಮುಟ್ಟುವುದು ಅಪರೂಪವಲ್ಲ.

'ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತೆ' ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಇಕ್ಕಟ್ಟಿನ ಗಲೀಜು ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ, ಬೆನ್ನು ಡೊಂಕಾಗುತ್ತದೆ, ಮೀನು ಬೇಗ ಸಾಯುತ್ತದೆ. ಹಾಗಾಗಿ ಮೊದಲ ಹೆಜ್ಜೆ ಅಂಗಡಿಯಲ್ಲಿ ಅಲ್ಲ, ಮನೆಯಲ್ಲಿ.

ಜಾಗ ಮತ್ತು ಭಾರ

ಟ್ಯಾಂಕಿನ ಅಗಲ ಕಡಿಮೆ ಅಂದರೂ ಪೂರ್ತಿ ಬೆಳೆದ ಮೀನಿನ ಉದ್ದಕ್ಕಿಂತ ಜಾಸ್ತಿ ಇರಬೇಕು. ಇಲ್ಲದಿದ್ದರೆ ಅದು ಆರಾಮಾಗಿ ತಿರುಗಲಾರದು. ನಾಲ್ಕಡಿ ಮೀನಿಗೆ 12 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಕೊಳವನ್ನು ಕನಿಷ್ಠ ಅಂತ ಇಟ್ಟುಕೊಳ್ಳಿ. ಅದರಲ್ಲಿ ಸುಮಾರು 6,000 ಲೀಟರ್ ನೀರು ಹಿಡಿಯುತ್ತದೆ. ಅಂದರೆ ಆರು ಟನ್.

ಮರಿ ಇರುವಾಗ ಸಾಕಾಗುವ 8 ಅಡಿ ಉದ್ದ, 3 ಅಡಿ ಅಗಲ, ಎರಡೂವರೆ ಅಡಿ ಎತ್ತರದ ಗಾಜಿನ ಟ್ಯಾಂಕನ್ನೇ ಲೆಕ್ಕ ಹಾಕಿ ನೋಡಿ. ನೀರೇ 1,700 ಲೀಟರ್. ಅದು ಕೂರುವ ಜಾಗ ಎರಡು ಚದರ ಮೀಟರ್ ಚಿಲ್ಲರೆ. ಚದರ ಮೀಟರಿಗೆ 760 ಕೆ.ಜಿ. ಆಯಿತು, ಗಾಜು ಮತ್ತು ಸ್ಟ್ಯಾಂಡಿನ ತೂಕ ಬೇರೆ. ಮನೆಗಳ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಭಾರದ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಇದನ್ನು ಇಡಬೇಡಿ. ನೆಲಮಹಡಿ ಇರಬೇಕು, ಕೆಳಗೆ ಬೇಸ್‌ಮೆಂಟ್ ಇರಬಾರದು. ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಕೇಳದೆ ಮುಂದುವರಿಯಬೇಡಿ.

ಅಷ್ಟು ಜಾಗ ಇಲ್ಲ ಅಂದರೆ ಬೇಟೆಗಾರ ಮೀನಿನ ಆಸೆ ಬಿಡಬೇಕಿಲ್ಲ, ಮೀನು ಬದಲಿಸಿ ಅಷ್ಟೇ. ನನ್ನನ್ನು ಕೇಳಿದರೆ ಬೆಂಗಳೂರಿನ ಬಹುಪಾಲು ಮನೆಗಳಿಗೆ ಚಾಕಾ ಕ್ಯಾಟ್‌ಫಿಶ್ ಚೆಂದ. ಗಂಗಾ, ಬ್ರಹ್ಮಪುತ್ರದ ಕಡೆಯ ನಮ್ಮ ದೇಶದ್ದೇ ಮೀನು, ಎಂಟಿಂಚಿನ ಆಸುಪಾಸು ಬೆಳೆಯುತ್ತದೆ. ಒಣಗಿದ ಎಲೆಯ ಹಾಗೆ ತಳದಲ್ಲಿ ಕದಲದೆ ಬಿದ್ದಿದ್ದು, ಹತ್ತಿರ ಬಂದ ಬೇಟೆಯನ್ನು ದೊಡ್ಡ ಬಾಯಿಂದ ಗಬಕ್ಕನೆ ನುಂಗುತ್ತದೆ. ಮೂರಡಿ ಟ್ಯಾಂಕ್ ಸಾಕು. ಆರಡಿ ಟ್ಯಾಂಕ್ ಇಡಬಲ್ಲವರು ಒಂದೂವರೆ ಅಡಿ ಬೆಳೆಯುವ ಲೀಮಾ ಶವಲ್‌ನೋಸ್ ನೋಡಬಹುದು. ಟೈಗರ್ ಶವಲ್‌ನೋಸ್ ಮಾತ್ರ ಮೂರಡಿ ಮುಟ್ಟುತ್ತದೆ, ಅದಕ್ಕೂ ಕೊಳವೇ ಬೇಕು. 'ಶಾರ್ಕ್' ಅಂತ ಮಾರುವ ಬೆಳ್ಳಿ ಬಣ್ಣದ ಮರಿ ನಿಜಕ್ಕೂ ಮೆಕಾಂಗ್ ನದಿಯ ಪಂಗಾಸಿಯಸ್ ಕ್ಯಾಟ್‌ಫಿಶ್. ಅದೂ ನಾಲ್ಕಡಿ ಬೆಳೆಯುವ ಮೀನು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧವಿದೆ, ಅದರ ಗೊಡವೆ ಬೇಡ.

ನೀರು

ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹಾಕದೆ ಸೀದಾ ಟ್ಯಾಂಕಿಗೆ ಬಿಡಬಾರದು. ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ. ಒಂದು ರಾತ್ರಿ ಡ್ರಮ್ಮಿನಲ್ಲಿಟ್ಟು ಏರ್ ಪಂಪ್ ಓಡಿಸಿ. ಟ್ಯಾಂಕರ್ ನೀರು ಪ್ರತಿ ಸಲ ಬೇರೆ ಬೇರೆ ಕಡೆಯಿಂದ ಬರಬಹುದು, ಆದ್ದರಿಂದ ಪ್ರತಿ ಲೋಡಿಗೂ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಮೀಟರ್ ಅದ್ದಿ ನೋಡಿ.

ಮೀನು ತರುವ ಮೊದಲು ಫಿಲ್ಟರ್ ನಾಲ್ಕರಿಂದ ಆರು ವಾರ ನೀರು ತುಂಬಿದ, ಮೀನಿಲ್ಲದ ಟ್ಯಾಂಕಿನಲ್ಲಿ ಓಡಬೇಕು. ಜೊತೆಗೆ ಅಮೋನಿಯಾಕ್ಕೆ ಮೂಲವಾಗಿ ಚೂರು ಮೀನಿನ ಆಹಾರ ಹಾಕುತ್ತಿರಿ. ಮೀನಿನ ಕಸದಿಂದ ಬರುವ ಅಮೋನಿಯಾವನ್ನು ಒಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತವೆ. ಅವು ನೆಲೆಯೂರಲು ಇಷ್ಟು ಸಮಯ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮಾತ್ರ ಅಂಗಡಿಗೆ ಹೋಗಿ. ದೊಡ್ಡ ಬೇಟೆಗಾರ ಮೀನು ಒಂದೇ ಊಟದಲ್ಲಿ ಮಾಡುವ ಗಲೀಜು ಸಣ್ಣ ಫಿಲ್ಟರಿನ ಕೈಲಾಗುವ ಕೆಲಸವಲ್ಲ. ಟ್ಯಾಂಕಿನ ಕೆಳಗೆ ಬೇರೆಯೇ ಫಿಲ್ಟರ್ ಸಂಪ್, ಅಂದರೆ ನೀರು ಶೋಧಿಸುವ ಪ್ರತ್ಯೇಕ ತೊಟ್ಟಿ ಕಟ್ಟಿಸಿ.

ವಾರಕ್ಕೊಮ್ಮೆ ಶೇ 30ರಷ್ಟು ನೀರು ಬದಲಿಸಬೇಕು. ಕೊಳಕ್ಕೆ ಅದು 1,800 ಲೀಟರ್. 2024ರ ಮಾರ್ಚ್‌ನಲ್ಲಿ ನೀರಿಲ್ಲದೆ ಜಲಮಂಡಳಿ ಕಾರು ತೊಳೆಯಲು, ತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಹೇಳಿದ್ದು ನೆನಪಿದೆ ಅಲ್ವಾ? ಅಂಥ ಬೇಸಿಗೆ ಮತ್ತೆ ಬಂದರೆ ಈ ನೀರು ಎಲ್ಲಿಂದ ಬರುತ್ತದೆ ಎಂದು ಇವತ್ತೇ ಯೋಚಿಸಿ. ಕೊಳಕ್ಕೆ ಅಂತಲೇ ಮಳೆನೀರು ಹಿಡಿಯಬಹುದು, ಆದರೆ ಅದರಲ್ಲಿ ಖನಿಜ ತೀರಾ ಕಡಿಮೆ, ಬೇರೆ ನೀರಿನ ಜೊತೆ ಬೆರೆಸಿ ಬಳಸಿ. ತೆಗೆದ ನೀರನ್ನು ಮೋರಿಗೆ ಸುರಿಯಬೇಡಿ. ಅದರಲ್ಲಿ ನೈಟ್ರೇಟ್ ಇರುವುದರಿಂದ ತೆಂಗಿಗೂ ಹೂಗಿಡಕ್ಕೂ ಒಳ್ಳೆಯ ಗೊಬ್ಬರ.

ಚಳಿ, ಕರೆಂಟು, ತಳ

ಆರ್‌ಟಿಸಿಗೆ 22ರಿಂದ 28 ಡಿಗ್ರಿ ಬೇಕು. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಬೆಂಗಳೂರು 15 ಡಿಗ್ರಿಗೆ ಇಳಿಯುತ್ತದೆ, ಹೀಟರ್ ಬೇಕೇ ಬೇಕು. ಆದರೆ ಹೀಟರನ್ನು ಮೀನಿನ ಜೊತೆ ಇಡಬಾರದು. ಬಾಲದ ಒಂದು ಏಟಿಗೆ ಅದು ಒಡೆಯುತ್ತದೆ, ಕೆಲವೊಮ್ಮೆ ಮೀನು ಅದನ್ನೇ ನುಂಗಲು ಹೋಗುತ್ತದೆ. ಫಿಲ್ಟರ್ ಸಂಪಿನೊಳಗೆ ಎರಡು ಹೀಟರ್ ಇಡಿ, ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ಕರೆಂಟು ಹೋದಾಗ ಏರ್ ಪಂಪ್ ಮತ್ತು ಫಿಲ್ಟರ್ ಪಂಪ್ ನಡೆಯುವಂತೆ ಯುಪಿಎಸ್ ಲೈನಿಗೆ ಹಾಕಿಸಿ. ಹೀಟರನ್ನು ಆ ಲೈನಿಗೆ ಸೇರಿಸಬೇಡಿ, ಬ್ಯಾಟರಿ ಬೇಗ ಇಳಿಯುತ್ತದೆ.

ತಳಕ್ಕೆ ಜಲ್ಲಿಕಲ್ಲು ಹಾಕಬೇಡಿ, ಊಟದ ಜೊತೆ ಕಲ್ಲೂ ಹೊಟ್ಟೆ ಸೇರುತ್ತದೆ. ತಳ ಬರಿದಾಗಿರಲಿ, ಇಲ್ಲವೇ ನಯವಾದ ಮರಳಿರಲಿ. ಮುಚ್ಚಳ ಭಾರದ್ದೇ ಇರಲಿ.

ಊಟ

ಜೀವಂತ ಗೋಲ್ಡ್‌ಫಿಶ್ ಹಾಕಿ ವಿಡಿಯೊ ಮಾಡುವವರು ತುಂಬಾ ಜನ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಗೋಲ್ಡ್‌ಫಿಶ್‌ನಲ್ಲಿ ಬಿ1 ವಿಟಮಿನ್ ನಾಶ ಮಾಡುವ ಥಯಾಮಿನೇಸ್ ಇದೆ. ಅದನ್ನೇ ತಿಂದ ಮೀನು ದಿನ ಕಳೆದಂತೆ ಸೊರಗುತ್ತದೆ. ಜೀವಂತ ಮೀನಿನ ಜೊತೆ ರೋಗವೂ ಒಳಗೆ ಬರುತ್ತದೆ. ಕೋಳಿ, ದನದ ಮಾಂಸವೂ ಬೇಡ, ಆ ಕೊಬ್ಬು ಇವಕ್ಕೆ ಒಗ್ಗುವುದಿಲ್ಲ.

ಮರಿಯಿದ್ದಾಗಲೇ ನೀರಿನಲ್ಲಿ ಮುಳುಗುವ ಪೆಲೆಟ್ (ಗುಳಿಗೆಯಂಥ ಒಣ ಆಹಾರ) ರೂಢಿ ಮಾಡಿಸಿ. ಹಟ ಮಾಡಿದರೆ ಎರೆಹುಳು ಅಥವಾ ಸಿಗಡಿ ಚೂರಿನ ಜೊತೆ ಕೊಡಿ. ನಿಧಾನಕ್ಕೆ ಪೆಲೆಟ್ ಜಾಸ್ತಿ ಮಾಡಿ. ದೊಡ್ಡದಾದ ಮೇಲೆ ಮಾರ್ಕೆಟ್ಟಿನ ಜಿಲೇಬಿ ಮೀನಿನ ತುಂಡು, ಸಿಗಡಿ ಹಾಕಬಹುದು. ಬೂತಾಯಿ, ಬಂಗುಡೆಯಂಥ ಎಣ್ಣೆ ಮೀನು ಹಾಕಿದರೆ ನೀರಿನ ಮೇಲೆ ಜಿಡ್ಡು ಕಟ್ಟುತ್ತದೆ. ಮರಿಗೆ ದಿನ ಬಿಟ್ಟು ದಿನ, ದೊಡ್ಡದಕ್ಕೆ ವಾರಕ್ಕೆ ಎರಡು ಸಲ ಸಾಕು. ಇವು ನಿಶಾಚರಿಗಳು, ದೀಪ ಆರಿಸಿದ ಮೇಲೆ ಕೊಡಿ. ಊಟವಾದ ದಿನ ನೀರು ಬದಲಿಸುವುದು, ಹಿಡಿಯುವುದು ಬೇಡ. ಗಾಬರಿಯಾದರೆ ತಿಂದದ್ದನ್ನು ಪೂರ್ತಿ ಕಕ್ಕುತ್ತವೆ.

ಬಾಯಲ್ಲಿ ಹಿಡಿಸುವ ಯಾವ ಮೀನೂ ಇದರ ಜೊತೆಗಾರ ಆಗಲಾರದು. ತನ್ನ ಅರ್ಧ ಉದ್ದದ ಮೀನನ್ನೂ ನುಂಗಬಲ್ಲದು.

ಹಿಡಿಯುವಾಗ, ಕೊಡುವಾಗ

ಬಲೆ ಬಳಸಬೇಡಿ. ಎದೆಯ ರೆಕ್ಕೆಯ ಗಟ್ಟಿ ಮುಳ್ಳು ಬಲೆಗೆ ಸಿಕ್ಕಿಕೊಂಡು ಮುರಿಯುತ್ತದೆ, ನಿಮ್ಮ ಕೈಗೂ ಚುಚ್ಚುತ್ತದೆ. ಟಬ್ಬನ್ನು ನೀರಿನೊಳಗೆ ಇಳಿಸಿ, ಮೀನನ್ನು ಮೆಲ್ಲಗೆ ಅದರೊಳಕ್ಕೆ ಸೇರಿಸಿ. ಇವಕ್ಕೆ ಹುರುಪೆ ಇಲ್ಲ. ಹಾಗಾಗಿ ತಾಮ್ರವಿರುವ ಔಷಧ, ಜಾಸ್ತಿ ಉಪ್ಪು ಎರಡೂ ಅಪಾಯ. ಕಾಯಿಲೆ ಕಂಡರೆ ಮೊದಲು ನೀರು ಪರೀಕ್ಷಿಸಿ, ಆಮೇಲೆ ಔಷಧದ ಮಾತು.

ಸಾಕಲಾಗದ ಸ್ಥಿತಿ ಬಂದರೆ ಹೆಬ್ಬಾಳ ಕೆರೆಗೋ ಹಲಸೂರು ಕೆರೆಗೋ ಬಿಡಬೇಡಿ. 2018ರ ಪ್ರವಾಹದಲ್ಲಿ ಕೇರಳದ ಸಾಕಣೆ ತೊಟ್ಟಿಗಳಿಂದ ತಪ್ಪಿಸಿಕೊಂಡ ಅರಾಪೈಮಾ, ಅಲಿಗೇಟರ್ ಗಾರ್ ಅಲ್ಲಿನ ನದಿಗಳಲ್ಲಿ ಸಿಕ್ಕಿವೆ. ನಮ್ಮ ಕೆರೆಗಳು ರಾಜಕಾಲುವೆಗಳಿಂದ ಒಂದಕ್ಕೊಂದು ಸೇರಿವೆ. ಒಂದು ಕಡೆ ನೀರು ದಕ್ಷಿಣ ಪಿನಾಕಿನಿಗೆ ಹೋದರೆ, ಇನ್ನೊಂದು ಕಡೆ ವೃಷಭಾವತಿ, ಅರ್ಕಾವತಿ ಮೂಲಕ ಕಾವೇರಿಗೆ ಸೇರುತ್ತದೆ. ದೊಡ್ಡ ಕೊಳ ಇರುವ ಇನ್ನೊಬ್ಬ ಸಾಕಣೆದಾರರನ್ನು ಮರಿ ತರುವ ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ಮಾರುವ ಅಂಗಡಿಯವರನ್ನೂ ಕೇಳಿ, ಎರಡಡಿ ಆದ ಮೇಲೆ ಇದನ್ನು ವಾಪಸ್ ತಗೊಳ್ತೀರಾ ಅಂತ. ಆಗಲ್ಲ ಅಂದರೆ ಆ ಮರಿ ಕೊಳ್ಳಬೇಡಿ.