ಅಪ್ಪ ಅಮ್ಮನ ಜೊತೆ ಮುಕ್ತಿನಾಥಕ್ಕೆ: ನಾವು ಹೋಗಿ ಬಂದ ಬಗೆ

ಮುಕ್ತಿನಾಥ ನೇಪಾಳದ ಹಿಮಾಲಯದಲ್ಲಿರುವ ವಿಷ್ಣುವಿನ ಗುಡಿ. ನೇಪಾಳಕ್ಕೆ ನಮಗೆ ವೀಸಾ ಬೇಕಿಲ್ಲ. ಅದಕ್ಕೇ ತುಂಬಾ ಜನ ಆಧಾರ್ ಕಾರ್ಡ್ ಒಂದನ್ನೇ ಜೇಬಿಗೆ ಹಾಕಿಕೊಂಡು ಹೊರಡುತ್ತಾರೆ. ಆದರೆ ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. ಆಧಾರ್ ನಡೆಯುವುದು 65 ದಾಟಿದವರಿಗೆ ಮತ್ತು 15ರ ಒಳಗಿನ ಮಕ್ಕಳಿಗೆ ಮಾತ್ರ. ನಮ್ಮ ಅಪ್ಪನಿಗೆ 70 ದಾಟಿದೆ, ಅಮ್ಮನಿಗೆ ಇನ್ನೂ 65 ಆಗಿಲ್ಲ. ಇಬ್ಬರ ಹತ್ತಿರವೂ ಪಾಸ್‌ಪೋರ್ಟ್ ಇರಲಿಲ್ಲ. ಅಪ್ಪನಿಗೆ ಆಧಾರ್ ಸಾಕಾಯಿತು. ಅಮ್ಮನ ವೋಟರ್ ಐಡಿಯನ್ನು ಬೀರುವಿನಿಂದ ತೆಗೆದು, ಅದರಲ್ಲಿ ಹೆಸರು ಹೇಗಿದೆಯೋ ಹಾಗೇ ಟಿಕೆಟ್ ಮಾಡಿಸಿದೆ. ಜೆರಾಕ್ಸ್ ನಂಬಿಕೊಂಡು ಹೋಗಬೇಡಿ, ಅಸಲು ಕಾರ್ಡೇ ಇರಲಿ. ಒಂದಷ್ಟು ಪಾಸ್‌ಪೋರ್ಟ್ ಸೈಜ್ ಫೋಟೋ ಕೂಡ ಇಟ್ಟುಕೊಳ್ಳಿ, ಸಿಮ್ ಕಾರ್ಡಿಗೂ ಪರ್ಮಿಟ್‌ಗೂ ಬೇಕಾಗುತ್ತವೆ.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ನಾನು ಮೊದಲು ಹೇಳುವುದು ಒಂದೇ. ನೋಡುವ ಜಾಗ ಕಡಿಮೆ ಮಾಡಿ, ದಿನ ಜಾಸ್ತಿ ಇಡಿ. ಪ್ಯಾಕೇಜ್ ಟೂರ್‌ನವರು ಕಾಠ್ಮಂಡು, ಮನಕಾಮನಾ, ಪೋಖರಾ, ಮುಕ್ತಿನಾಥ, ಲುಂಬಿನಿ, ಚಿತ್ವನ್ ಎಲ್ಲವನ್ನೂ ಒಂದೇ ವಾರದಲ್ಲಿ ತುರುಕುತ್ತಾರೆ. ಕಾಗದದ ಮೇಲೆ ಅದು ಚೆನ್ನಾಗಿ ಕಾಣುತ್ತದೆ. ಆದರೆ ಕಾಠ್ಮಂಡುವಿನಿಂದ ಪೋಖರಾಕ್ಕೆ ಇರುವ ಸುಮಾರು 200 ಕಿಲೋಮೀಟರ್‌ಗೆ ಬಸ್ಸಿನಲ್ಲಿ ಇಡೀ ಹಗಲು ಹೋಗಿಬಿಡುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಲೆಕ್ಕವೇ ಇಲ್ಲ. ಆಮೇಲೆ ಎತ್ತರದ ವಿಷಯ ಬೇರೆ. ನಾವು ಲುಂಬಿನಿ, ಚಿತ್ವನ್ ಎರಡನ್ನೂ ಬಿಟ್ಟೆವು. ಅಮ್ಮನಿಗೆ ಬೇಕಾಗಿದ್ದದ್ದು ಪಶುಪತಿನಾಥ ಮತ್ತು ಮುಕ್ತಿನಾಥ, ಅಷ್ಟೇ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮ 100 ರೂಪಾಯಿ ಅಲ್ಲಿನ 160 ರೂಪಾಯಿಗೆ ಸಮ. ಈ ದರ 1993ರಿಂದ ಬದಲಾಗಿಲ್ಲ, ಹಾಗಾಗಿ ಲೆಕ್ಕ ಸುಲಭ. ನಾವು ಹೋದಾಗ ಭಾರತದ 100ರ ತನಕದ ನೋಟು ಮಾತ್ರ ನಡೆಯುತ್ತಿತ್ತು. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವಾರ ಒಮ್ಮೆ ವಿಚಾರಿಸಿ. ಫೋನ್‌ಪೇ ಅಲ್ಲ, ಫೋನೆಪೇ ಅಂತ ಅಲ್ಲಿಯದೇ ಒಂದು ಕ್ಯೂಆರ್ ಜಾಲ ಇದೆ. 2024ರಿಂದ ನಮ್ಮ ಯುಪಿಐ ಅದರಲ್ಲಿ ನಡೆಯುತ್ತದೆ. ಕಾಠ್ಮಂಡು, ಪೋಖರಾದಲ್ಲಿ ಅನುಕೂಲ. ಬೆಟ್ಟದ ಮೇಲೆ ಮಾತ್ರ ಕೈಯಲ್ಲಿ ನಗದು ಇರಲೇಬೇಕು. ಸಿಮ್ ತೆಗೆದುಕೊಳ್ಳುವುದಾದರೆ ನೇಪಾಳ ಟೆಲಿಕಾಂನದು ತೆಗೆದುಕೊಳ್ಳಿ, ಬೆಟ್ಟದ ಕಡೆ ಅದೇ ಚೆನ್ನಾಗಿ ಸಿಗುತ್ತದೆ. ಕೈಗಡಿಯಾರವನ್ನು 15 ನಿಮಿಷ ಮುಂದೆ ಇಡುವುದನ್ನು ಮರೆಯಬೇಡಿ. ಅಲ್ಲಿ ವಾರದ ರಜೆ ಶನಿವಾರ, ಅವತ್ತು ದೇವಸ್ಥಾನಗಳಲ್ಲಿ ನೂಕುನುಗ್ಗಲು.

ಪಶುಪತಿನಾಥಕ್ಕೆ ನಾವು ಶನಿವಾರ ಬಿಟ್ಟು ಬೇರೆ ದಿನ ನೋಡಿಕೊಂಡು ಬೆಳಗ್ಗೆ ಬೇಗ ಹೋದೆವು. ಚರ್ಮದ ಬೆಲ್ಟು, ಪರ್ಸು ಒಳಗೆ ಬಿಡುವುದಿಲ್ಲ, ಮೂಲ ಗುಡಿಯ ಫೋಟೋ ತೆಗೆಯುವ ಹಾಗಿಲ್ಲ. ಹೋಟೆಲಿನಲ್ಲೇ ಬಿಟ್ಟು ಬಂದರೆ ಅರ್ಧ ತಲೆನೋವು ಕಡಿಮೆ. ಅಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದಿಂದ ಹೋದವರು ಅಂತ ನಿಮಗೂ ಗೊತ್ತಿರಬಹುದು. ದಕ್ಷಿಣದ ಭಟ್ಟರೇ ಅಲ್ಲಿ ಪೂಜೆ ಮಾಡುವುದು ಹಳೇ ಕಾಲದಿಂದ ನಡೆದುಬಂದ ಪದ್ಧತಿ. ಅಮ್ಮನಿಗೆ ಅದನ್ನು ಮೊದಲೇ ಹೇಳಿದ್ದೆ. ಗರ್ಭಗುಡಿಯ ಬಾಗಿಲಲ್ಲಿ ಭಟ್ಟರನ್ನು ನೋಡಿದ ಕೂಡಲೇ ಅವರಿಗೆ ಪರದೇಶದಲ್ಲಿದ್ದೇವೆ ಅನ್ನುವ ಅಳುಕೇ ಹೊರಟುಹೋಯಿತು. ಹಿಂದಿನ ಬಾಗ್ಮತಿ ದಂಡೆಯಲ್ಲಿ ಹೆಣ ಸುಡುತ್ತಾರೆ. ಮೊಬೈಲ್ ಎತ್ತಿ ಅದರ ಫೋಟೋ ತೆಗೆಯಬೇಡಿ ದಯವಿಟ್ಟು. ಅಲ್ಲಿ ಕೂತಿರುವುದು ಯಾರದೋ ಮನೆಯವರು. ಸ್ವಯಂಭೂ ಸ್ತೂಪಕ್ಕೆ ಪೂರ್ವದಿಂದ ಹೋದರೆ 365 ಮೆಟ್ಟಿಲು. ಮಂಡಿನೋವು ಇರುವವರಿದ್ದರೆ ಪಶ್ಚಿಮದ ಕಡೆಯಿಂದ ಕಾರು ಹತ್ತಿಸಲು ಹೇಳಿ.

ಪೋಖರಾಕ್ಕೆ ನಾವು ಬಸ್ ಬಿಟ್ಟು ವಿಮಾನ ಹಿಡಿದೆವು. ಅರ್ಧ ಗಂಟೆಯೂ ಆಗುವುದಿಲ್ಲ. ಬಲಗಡೆ ಕಿಟಕಿ ಕೇಳಿ ತೆಗೆದುಕೊಳ್ಳಿ, ಹಿಮದ ಬೆಟ್ಟಗಳೆಲ್ಲ ಆ ಕಡೆಯೇ ಕಾಣುವುದು. ದೇಶದೊಳಗಿನ ವಿಮಾನಗಳಲ್ಲಿ ಭಾರತೀಯರಿಗೆ ಉಳಿದ ವಿದೇಶಿಗರಿಗಿಂತ ಕಡಿಮೆ ದರ ಇರುತ್ತದೆ, ಟಿಕೆಟ್ ಮಾಡುವಾಗ ಅದನ್ನು ಹೇಳಿ. ಮುಕ್ತಿನಾಥ ಇರುವುದು ಅನ್ನಪೂರ್ಣಾ ಸಂರಕ್ಷಣಾ ಪ್ರದೇಶದಲ್ಲಿ, ಅದಕ್ಕೆ ಪರ್ಮಿಟ್ ಬೇಕು. ಪೋಖರಾದಲ್ಲೇ ಮಾಡಿಸಬಹುದು. ಭಾರತವೂ ಸೇರಿ ಸಾರ್ಕ್ ದೇಶದವರಿಗೆ ಕಡಿಮೆ ದರ ಇದೆ.

ಅಲ್ಲಿಂದ ಮುಂದೆ ಎರಡು ದಾರಿ. ಮುಕ್ತಿನಾಥದ ಕೆಳಗಿನ ಊರು ಜೊಮ್‌ಸೊಮ್‌ಗೆ ಚಿಕ್ಕ ವಿಮಾನ, ಇಲ್ಲವೇ ಬೇನಿ, ತಾತೋಪಾನಿ, ಮಾರ್ಫಾ ಮೇಲೆ ಜೀಪು. ವಿಮಾನ ಸುಮಾರು 20 ನಿಮಿಷದ್ದು. ಧವಳಗಿರಿ ಮತ್ತು ಅನ್ನಪೂರ್ಣಾ, ಎರಡೂ 8,000 ಮೀಟರ್ ದಾಟಿದ ಶಿಖರಗಳು, ಅವುಗಳ ನಡುವಿನ ಕಾಳಿಗಂಡಕಿ ಕಣಿವೆಯಲ್ಲಿ ಹಾರುತ್ತದೆ. ಆದರೆ ಬೆಳಗ್ಗೆ ಹತ್ತು, ಹನ್ನೊಂದರ ಹೊತ್ತಿಗೆ ಆ ಕಣಿವೆಯಲ್ಲಿ ಗಾಳಿ ಏಳುತ್ತದೆ. ಕೆಳಗಿನ ಬಿಸಿಗಾಳಿ ಮೇಲಿನ ಬೋಳು ಬಯಲಿನ ಕಡೆ ನುಗ್ಗುತ್ತದೆ. ಆಮೇಲೆ ವಿಮಾನ ಇಳಿಯುವ ಹಾಗೇ ಇಲ್ಲ. ಬೆಳಗ್ಗೆ ಮೋಡ ಕವಿದರೆ ಅವತ್ತಿನ ಹಾರಾಟ ಮುಗಿದ ಹಾಗೆ. ಅದಕ್ಕೇ ಎಲ್ಲಕ್ಕಿಂತ ಮೊದಲಿನ ವಿಮಾನವನ್ನೇ ಕೇಳಿ. ಅದರ ಮಾರನೇ ದಿನವೇ ಊರಿಗೆ ವಾಪಸ್ ಟಿಕೆಟ್ ಇಟ್ಟುಕೊಳ್ಳಬೇಡಿ.

ನಾನು ಜೀಪನ್ನೇ ಆರಿಸಿಕೊಂಡೆ. ಪೋಖರಾ ಇರುವುದು 800 ಮೀಟರ್ ಎತ್ತರದ ಆಸುಪಾಸಿನಲ್ಲಿ, ಮುಕ್ತಿನಾಥ 3,700 ಮೀಟರ್‌ಗೂ ಮೇಲೆ. ಜೀಪಿನಲ್ಲಿ ನಿಂತು ನಿಂತು ಹೋದರೆ ಮೈ ಹೊಂದಿಕೊಳ್ಳುತ್ತದೆ. ರಸ್ತೆ ಕೆಟ್ಟದಾಗಿದೆ, ಸುಳ್ಳು ಹೇಳುವುದಿಲ್ಲ. ಹಂಚಿಕೆಯ ಜೀಪಿನಲ್ಲಿ ಒತ್ತೊತ್ತಾಗಿ ಕೂರಿಸುತ್ತಾರೆ, ಹಿರಿಯರಿದ್ದರೆ ಪೂರ್ತಿ ಜೀಪನ್ನೇ ಮಾಡಿಕೊಳ್ಳಿ. ಬೇಕಾದಲ್ಲಿ ನಿಲ್ಲಿಸಬಹುದು, ಅದೇ ದೊಡ್ಡ ಲಾಭ. ನಮ್ಮ ಡ್ರೈವರ್ ಅಮ್ಮನನ್ನು "ಆಮಾ" ಅಂತಲೇ ಕರೆಯುತ್ತಿದ್ದ. ತಗ್ಗು ಬಂದಾಗಲೆಲ್ಲ ಗಾಡಿ ನಿಧಾನ ಮಾಡುತ್ತಿದ್ದ.

ಮೊದಲ ರಾತ್ರಿ ತಾತೋಪಾನಿ, ಎರಡನೇ ರಾತ್ರಿ ಮಾರ್ಫಾ. ಮಾರ್ಫಾ ಸೇಬಿನ ತೋಟಗಳ ಊರು, ಸುಮಾರು 2,650 ಮೀಟರ್. ಮಲಗುವುದು ಅಲ್ಲಿ, ಮಾರನೇ ದಿನ ಬೆಳಗ್ಗೆ ಮೇಲೆ ಹೋಗಿ ದರ್ಶನ ಮಾಡಿ, ಸಂಜೆಯೊಳಗೆ ಇಳಿದುಬಿಡುವುದು. ರಾತ್ರಿ ಮೇಲೆ ಉಳಿಯಲಿಲ್ಲ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಎತ್ತರದ ಲಕ್ಷಣಗಳು. ಅವು ಜಾಸ್ತಿಯಾದರೆ ಮಾತ್ರೆ ನುಂಗಿ ಕೂರುವುದಲ್ಲ, ಕೆಳಗೆ ಇಳಿಯಬೇಕು. ಹೊರಡುವ ಮೊದಲೇ ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. ಅಪ್ಪನ ಬಿಪಿ ಮಾತ್ರೆ, ಎತ್ತರದ ತೊಂದರೆಗೆ ಕೊಡುವ ಡೈಮಾಕ್ಸ್ ಮಾತ್ರೆ ಬೇಕೋ ಬೇಡವೋ, ಎಲ್ಲ ಅವರೇ ತೀರ್ಮಾನಿಸಿದರು. ನೇಪಾಳಕ್ಕೆ ನಡೆಯುವ ಪ್ರವಾಸ ವಿಮೆಯನ್ನೂ ಮಾಡಿಸಿದೆ. ಹೆಲಿಕಾಪ್ಟರ್ ಬೇಕಾದರೆ ಖರ್ಚು ಭಾರಿ.

ಜೀಪು ರಾಣಿಪೌವಾದ ತನಕ ಹೋಗುತ್ತದೆ. ಅಲ್ಲಿಂದ ಗುಡಿಗೆ ಮೆಟ್ಟಿಲು ಹತ್ತಬೇಕು. ಸಾಮಾನ್ಯರಿಗೆ ಅರ್ಧ ಗಂಟೆಯ ದಾರಿ, ನಮಗೆ ಅದಕ್ಕಿಂತ ತುಂಬಾ ಹೊತ್ತು ಹಿಡಿಯಿತು. "ಹತ್ತು ಮೆಟ್ಟಿಲು ಹತ್ತಿ ನಿಲ್ಲೋಣ ಅಪ್ಪಾ" ಅಂತ ಹೇಳುತ್ತಲೇ ಹೋದೆ. ಕುದುರೆ ಸಿಗುತ್ತದೆ, ಅಮ್ಮ ಅದರಲ್ಲೇ ಹೋದರು. ಗುಡಿಯ ಹಿಂದೆ ಅರ್ಧಚಂದ್ರಾಕಾರದಲ್ಲಿ 108 ಧಾರೆಗಳು, ಮುಂದೆ ಎರಡು ಕುಂಡ. ನೀರು ಮೂಳೆ ಕೊರೆಯುವಷ್ಟು ತಣ್ಣಗೆ. ಹಿರಿಯರಿಗೆ ತಲೆಗೆ ಪ್ರೋಕ್ಷಣೆ ಸಾಕು. ಅಪ್ಪ ಹಟ ಹಿಡಿದರು, ನಾನು ಬಿಡಲಿಲ್ಲ. ಶ್ರೀವೈಷ್ಣವರಿಗೆ ಇದು 108 ದಿವ್ಯದೇಶಗಳಲ್ಲಿ ಒಂದು. ಬೌದ್ಧರಿಗೂ ಪವಿತ್ರ ಜಾಗ, ಅವರೂ ಪಕ್ಕದಲ್ಲೇ ಕೈಮುಗಿಯುತ್ತಿರುತ್ತಾರೆ. ಹತ್ತಿರದ ಜ್ವಾಲಾಮಾಯಿ ಗುಡಿಯಲ್ಲಿ ನೆಲದಿಂದ ಬರುವ ಅನಿಲ ಉರಿಯುತ್ತದೆ, ನೋಡದೆ ಬರಬೇಡಿ. ಪಿತೃಕಾರ್ಯ ಮಾಡಿಸುವವರು ಕೆಳಗಿನ ಕಾಗ್‌ಬೇನಿಯಲ್ಲಿ ನದಿ ದಂಡೆಗೆ ಹೋಗುತ್ತಾರೆ. ಸಾಲಿಗ್ರಾಮ ಸಿಗುವ ಗಂಡಕಿ ಅದೇ.

ಊಟಕ್ಕೆ ಕಷ್ಟವಿಲ್ಲ. ಆ ಕಡೆ ಥಕಾಲಿ ಜನರ ಊಟದ ಮನೆಗಳು ಇವೆ. ದಾಲ್, ಭಾತ್, ಸೊಪ್ಪು, ಪಲ್ಯ, ಉಪ್ಪಿನಕಾಯಿ, ಕೇಳಿದಷ್ಟು ಮತ್ತೆ ಬಡಿಸುತ್ತಾರೆ. ಢಿಂಡೋ ಸಿಕ್ಕರೆ ತಿನ್ನಿ. ರಾಗಿ ಅಥವಾ ಕುಟ್ಟುವಿನ (ಬಕ್‌ವೀಟ್) ಹಿಟ್ಟಿನದು, ನಮ್ಮ ಮುದ್ದೆಯ ಹಾಗೇ. ಅಪ್ಪ ಅದನ್ನೇ ಎರಡು ಸಲ ಹಾಕಿಸಿಕೊಂಡರು. ಸಾಸಿವೆ ಎಣ್ಣೆಯ ವಾಸನೆ ಆಗದವರು ಮೊದಲೇ ಹೇಳಿಬಿಡಿ. ಶಾಕಾಹಾರಿ ಅಂದರೆ ಅರ್ಥವಾಗುತ್ತದೆ, ಮೊಟ್ಟೆಯೂ ಬೇಡ ಅನ್ನುವುದನ್ನು ಬೇರೆಯಾಗಿ ಹೇಳಿ.

ಕಾಲ ನೋಡುವುದಾದರೆ ಅಕ್ಟೋಬರ್, ನವೆಂಬರ್ ಇಲ್ಲವೇ ಮಾರ್ಚ್‌ನಿಂದ ಮೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ರಸ್ತೆಗೆ ಹಿರಿಯರನ್ನು ನಾನಂತೂ ಕರೆದೊಯ್ಯುವುದಿಲ್ಲ.

ವಾಪಸ್ ಬರುವಾಗ ಪೋಖರಾದಲ್ಲಿ ಎರಡು ದಿನ ಸುಮ್ನೆ ಇಟ್ಟುಕೊಂಡಿದ್ದೆವು, ರಸ್ತೆ ಕೈಕೊಟ್ಟರೆ ಇರಲಿ ಅಂತ. ರಸ್ತೆ ಕೈಕೊಡಲಿಲ್ಲ. ಒಂದು ದಿನ ಫೇವಾ ಕೆರೆಯ ನಡುವಿನ ತಾಲ್ ಬಾರಾಹಿ ಗುಡಿಗೆ ದೋಣಿಯಲ್ಲಿ ಹೋದೆವು, ಲೈಫ್ ಜಾಕೆಟ್ ಹಾಕಿಸಿಯೇ ಕೂರಿಸುತ್ತಾರೆ. ಇನ್ನೊಂದು ದಿನ ಸಾರಂಗ್‌ಕೋಟ್ ಗುಡ್ಡಕ್ಕೆ ಕೇಬಲ್ ಕಾರಿನಲ್ಲಿ. ಅದಕ್ಕೆ ಹತ್ತುವ ಕೆಲಸ ಹೆಚ್ಚಿಲ್ಲ, ಹಾಗಾಗಿ ಮುಕ್ತಿನಾಥದ ಮೆಟ್ಟಿಲು ಆಗದ ಹಿರಿಯರಿದ್ದರೆ ಅವರನ್ನು ಇಲ್ಲಿಗಾದರೂ ಕರೆದುಕೊಂಡು ಬನ್ನಿ. ಬೆಳಗ್ಗೆ ಮೋಡ ಇಲ್ಲದಿದ್ದರೆ ಮಚ್ಛಪುಚ್ಛ್ರೆ ಶಿಖರ ಎದುರಿಗೇ ಕಾಣುತ್ತದೆ.